ಬ್ಯಾಲೆಗೆ ಪರೀಕ್ಷೆ ಬಂದ ಬಗೆ

ಬ್ಯಾಲೆಯ ಇಂಟರ್‌ಮೀಡಿಯೆಟ್ ಪರೀಕ್ಷೆಗೆ ತಯಾರಾಗುವ ಹುಡುಗಿ ಏನೇನು ಕಲಿತಿರಬೇಕು? ಗೋಡೆಬದಿಯ ಮರದ ಬಾರ್ ಹಿಡಿದು ಮಾಡುವ ಅಭ್ಯಾಸಗಳು, ಬಾರ್ ಬಿಟ್ಟು ಕೋಣೆಯ ನಡುವೆ ಮಾಡುವಂಥವು, ನಿಧಾನಗತಿಯ ಅಡಾಜ್, ಜಿಗಿತಗಳ ಅಲೆಗ್ರೊ, ಗಟ್ಟಿತುದಿಯ ಪಾಯಿಂಟ್ ಶೂ ಹಾಕಿ ಬೆರಳತುದಿಯ ಮೇಲೆ ನಿಲ್ಲುವುದು, ಜೊತೆಗೆ ಒಂದು ಪುಟ್ಟ ಏಕವ್ಯಕ್ತಿ ನೃತ್ಯ. ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡಾನ್ಸ್ ನಡೆಸುವ ಈ ಪರೀಕ್ಷೆಯನ್ನು ಇಂದು ಹಲವು ದೇಶಗಳ ಮಕ್ಕಳು ಬರೆಯುತ್ತಾರೆ. (‘ಬರೆಯುತ್ತಾರೆ’ ಎನ್ನುವುದು ನಮ್ಮ ಬಾಯಿಯ ರೂಢಿ. ಇಲ್ಲಿ ಬರೆಯುವುದೆಲ್ಲ ಕಾಲೇ.) ಗುರುವಿನ ಮೈಯಿಂದ ಶಿಷ್ಯರ ಮೈಗೆ ದಾಟಿ ಬರುತ್ತಿದ್ದ ಕಲೆಗೆ ಸಿಲಬಸ್ಸು, ಅಂಕ, ಸರ್ಟಿಫಿಕೇಟು ಯಾಕೆ ಬೇಕಾದವು?

ಉತ್ತರ ಹುಡುಕಲು 1920ರ ಲಂಡನ್ನಿಗೆ ಹೋಗಬೇಕು. ಫ್ರಾನ್ಸಿನಲ್ಲಿ ಹದಿನಾಲ್ಕನೇ ಲೂಯಿ 1661ರಲ್ಲೇ ನೃತ್ಯಕ್ಕೊಂದು ಅಕಾಡೆಮಿ ಕಟ್ಟಿಸಿದ್ದ. ರಷ್ಯದಲ್ಲಿ 1738ರಿಂದ ಅರಮನೆಯ ನೃತ್ಯಶಾಲೆಯಿತ್ತು. ಇಂಗ್ಲೆಂಡಿನಲ್ಲಿ ಅಂಥದ್ದೇನೂ ಇರಲಿಲ್ಲ. ಎಂಪೈರ್, ಅಲ್ಹಾಂಬ್ರಾಗಳಂಥ ಮ್ಯೂಸಿಕ್ ಹಾಲುಗಳಲ್ಲಿ, ಹಾಸ್ಯಗಾರರು ದೊಂಬರಾಟದವರ ನಡುವೆ ಬ್ಯಾಲೆಯೂ ಒಂದು ಐಟಂ. 1911ರಲ್ಲಿ ಡಿಯಾಗಿಲೆವ್‌ನ ರಷ್ಯನ್ ತಂಡ ಲಂಡನ್ನಿಗೆ ಬಂದಮೇಲೆ ಊರಿಗೆ ಊರೇ ಬೆರಗಾಯಿತು. ಬ್ಯಾಲೆ ಅಂದರೆ ರಷ್ಯನ್ನರದೇ ಎಂಬ ನಂಬಿಕೆ ಎಷ್ಟು ಬಲವಾಗಿತ್ತೆಂದರೆ, ಹಿಲ್ಡಾ ಮನ್ನಿಂಗ್ಸ್ ಎಂಬ ಇಂಗ್ಲಿಷ್ ಹುಡುಗಿ ಆ ತಂಡದಲ್ಲಿ ಲಿಡಿಯಾ ಸೊಕೊಲೊವಾ ಆದಳು. ಮುಂದೆ ಲಿಲಿಯನ್ ಅಲಿಸಿಯಾ ಮಾರ್ಕ್ಸ್ ಅಲಿಸಿಯಾ ಮಾರ್ಕೊವಾ ಆದಳು.

ಕಲಿಯುವ ಆಸೆ ಹೆಚ್ಚಿತು, ಕಲಿಸುವವರನ್ನು ಕೇಳುವವರಿರಲಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದಿತ್ತು. ಇದು ಬರೀ ಶೈಲಿಯ ಶುದ್ಧಾಶುದ್ಧದ ಮಾತಲ್ಲ. ಮೂಳೆ ಇನ್ನೂ ಬಲಿಯದ, ಪಾದ ಬೆನ್ನು ಗಟ್ಟಿಯಾಗದ ಮಗುವನ್ನು ಬೆರಳತುದಿಯ ಮೇಲೆ ನಿಲ್ಲಿಸಿದರೆ ಆ ಕಾಲಿಗೇ ಕುತ್ತು. ‘ಡಾನ್ಸಿಂಗ್ ಟೈಮ್ಸ್’ ಪತ್ರಿಕೆಯ ಸಂಪಾದಕ ಫಿಲಿಪ್ ರಿಚರ್ಡ್‌ಸನ್ 1920ರಲ್ಲಿ ಟ್ರೊಕಾಡೆರೊ ರೆಸ್ಟೋರೆಂಟಿನಲ್ಲಿ ನೃತ್ಯಗುರುಗಳನ್ನು ಊಟಕ್ಕೆ ಕೂರಿಸಿದ್ದು ಈ ಚಿಂತೆಯಿಂದಲೇ. ಅಲ್ಲಿಂದ ಹುಟ್ಟಿದ ಸಂಘದ ಬೆನ್ನಿಗೆ ಐವರು ನಿಂತರು: ಡೆನ್ಮಾರ್ಕಿನ ಅಡೆಲಿನ್ ಜೆನೆ, ರಷ್ಯದ ತಮಾರಾ ಕರ್ಸಾವಿನಾ, ಇಟಲಿಯ ಲೂಸಿಯಾ ಕೊರ್ಮಾನಿ, ಫ್ರೆಂಚ್ ಪದ್ಧತಿಯ ಎದುವಾರ್ ಎಸ್ಪಿನೋಜಾ, ಇಂಗ್ಲಿಷ್ ನರ್ತಕಿ ಫಿಲಿಸ್ ಬೆಡೆಲ್ಸ್. ಜೆನೆ ಮೊದಲ ಅಧ್ಯಕ್ಷೆ. ಮೊದಲು ಅವರ ಕಣ್ಣಿದ್ದದ್ದು ಮಕ್ಕಳ ಮೇಲಲ್ಲ, ಮೇಷ್ಟರ ಮೇಲೆ. ಮಕ್ಕಳ ದರ್ಜೆಗಳು ಆಮೇಲೆ ಬಂದವು.

ಐದು ಮನೆತನದವರು ಒಂದು ಪಠ್ಯಕ್ಕೆ ಒಪ್ಪುವುದು ಸುಲಭದ ಮಾತಲ್ಲ. ಹೆಜ್ಜೆಗಳ ಹೆಸರೆಲ್ಲ ಫ್ರೆಂಚ್, ಆದರೆ ಹೆಸರು ಒಂದಾದ ಮಾತ್ರಕ್ಕೆ ಅರ್ಥ ಒಂದಾಗದು. ಎರಡೂ ಕೈಗಳನ್ನು ತಲೆಯ ಮೇಲೆ ದುಂಡಗೆ ಹಿಡಿಯುವ ಭಂಗಿ ಈ ಅಕಾಡೆಮಿಯ ಲೆಕ್ಕದಲ್ಲಿ ಐದನೆಯದು, ರಷ್ಯದ ವಗನೋವಾ ಪದ್ಧತಿಯಲ್ಲಿ ಮೂರನೆಯದು. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗೆ ಕೂತ ನಮ್ಮ ಭರತನಾಟ್ಯದ ವಿದ್ಯಾರ್ಥಿಗಳಿಗೆ ಈ ತಾಪತ್ರಯ ಹೊಸದೇನಲ್ಲ. ಒಮ್ಮತವೂ ಬಹಳ ಕಾಲ ಉಳಿಯಲಿಲ್ಲ. ಇಟಲಿಯ ಗುರು ಚೆಕೆಟ್ಟಿಯ ವಿಧಾನವನ್ನು ಕಾಪಾಡಲು 1922ರಲ್ಲಿ ಬೇರೆ ಸಂಘ ಎದ್ದಿತು. ಎಸ್ಪಿನೋಜಾ 1930ರಲ್ಲಿ ಹೊರನಡೆದು ಬ್ರಿಟಿಷ್ ಬ್ಯಾಲೆ ಆರ್ಗನೈಸೇಶನ್ ಕಟ್ಟಿದ. ರಿಚರ್ಡ್‌ಸನ್ ಬಯಸಿದ್ದ ಒಂದೇ ಅಳತೆಗೋಲು ಹತ್ತೇ ವರ್ಷದಲ್ಲಿ ಮೂರಾಗಿತ್ತು. ಮೂಲ ಸಂಘಕ್ಕೆ ಮಾತ್ರ 1930ರ ದಶಕದ ನಡುವೆ ರಾಜಮುದ್ರೆಯ ಸನ್ನದು ಸಿಕ್ಕಿ, ‘ರಾಯಲ್’ ಎಂಬ ವಿಶೇಷಣ ಸೇರಿತು.

ಸಿಲಬಸ್ಸು ಮಗುವಿನ ಕಾಲನ್ನು ಕಾಪಾಡಿತು, ನಿಜ. ಆದರೆ ಪರೀಕ್ಷೆಗೆಂದೇ ಒಂದೇ ಅಭ್ಯಾಸವನ್ನು ತಿಂಗಳುಗಟ್ಟಲೆ ತಿದ್ದಿದರೆ ನೃತ್ಯ ಬಾಯಿಪಾಠದ ಮಗ್ಗಿಯಾಗುತ್ತದೆ ಎಂಬ ಆಕ್ಷೇಪವೂ ಸುಳ್ಳಲ್ಲ. ಇಂಟರ್‌ಮೀಡಿಯೆಟ್ಟಿನಲ್ಲಿ ನನಗೆ ತುಂಬ ಇಷ್ಟವಾಗುವುದು ಅದಕ್ಕೆ ಜಗ್ಗದ ಒಂದು ಸಣ್ಣ ಭಾಗ, ‘ಫ್ರೀ ಆನ್‌ಶೆನ್‌ಮಾ’. ಹೆಜ್ಜೆಗಳು ಪರಿಚಿತವೇ, ಜೋಡಣೆ ಮಾತ್ರ ಪರೀಕ್ಷಕರದು. ಅದನ್ನು ಹುಡುಗಿ ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬರಲಾರಳು, ಗುರುವೂ ಪಕ್ಕದಲ್ಲಿರುವುದಿಲ್ಲ. ಜೋಡಣೆಯನ್ನು ಅಲ್ಲೇ ಗ್ರಹಿಸಿ, ಸಂಗೀತ ಶುರುವಾದೊಡನೆ ಕುಣಿದು ತೋರಿಸಬೇಕು.