ಕವಾಟ ಕೂಡಿಸಿದ ಮೇಲೆ

ಕವಿಗಳಿಗೆ ಹೃದಯವು ಕಮಲ. ಆದರೆ ಸಿಂಧನೂರಿನ ರೈತನಿಗೆ ಕಾಲುವೆಯ ತೂಬೆಂದು ಹೇಳಿದರೇ ಬೇಗ ತಿಳಿದೀತು. ಅದರ ಕವಾಟಗಳು ರಕ್ತವನ್ನು ಮುಂದಕ್ಕೆ ಬಿಡುವುವು, ಹಿಂದಕ್ಕೆ ಬರಗೊಡವು. ಬಾಲ್ಯದ ಗಂಟಲುನೋವು, ಅದರ ಬೆನ್ನಿಗೆ ಕೀಲುಗಳನ್ನು ಹಿಡಿಯುವ ಜ್ವರ, ಇವು ಆ ಕವಾಟಗಳನ್ನೇ ಕೆಡಿಸಬಲ್ಲುವು.

೧೯೬೦ರಲ್ಲಿ ಅಮೆರಿಕದ ಡಾ. ಆಲ್ಬರ್ಟ್ ಸ್ಟಾರ್ ಅವರು ಕೃತಕ ಕವಾಟವನ್ನು ಕೂಡಿಸಿದರು. ಅದನ್ನು ಅವರೊಡನೆ ರೂಪಿಸಿದ ಲೋವೆಲ್ ಎಡ್ವರ್ಡ್ಸ್, ನೀರೊತ್ತಡದ ಯಂತ್ರಗಳನ್ನು ಬಲ್ಲ ಎಂಜಿನಿಯರು! ಮೊದಲ ರೋಗಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡಳು. ಎರಡನೆಯವನು ಹತ್ತು ವರ್ಷ ಬದುಕಿ, ಕಡೆಗೆ ಏಣಿಯಿಂದ ಬಿದ್ದು ಸತ್ತನು. ೧೯೯೦ರಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಸ್ವದೇಶಿ ಕವಾಟವೂ ಬಂದಿತು.

ಇತಿಹಾಸವನ್ನು ಇಲ್ಲಿಗೇ ಮುಗಿಸುವವರು ಹೆಚ್ಚು. ನನ್ನ ಮತದಲ್ಲಿ ಅದರ ಕಠಿಣ ಭಾಗ ಮುಂದಿದೆ. ಯಾಂತ್ರಿಕ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಅದರ ತುಣುಕು ಮಿದುಳಿಗೇರಿದರೆ ಲಕ್ವ. ಅದಕ್ಕೆಂದು ಜೀವಮಾನವಿಡೀ ವಾರ್ಫರಿನ್ ಗುಳಿಗೆ. ೧೯೪೮ರಲ್ಲಿ ಇದು ಪೇಟೆಗೆ ಬಂದದ್ದು ಇಲಿಪಾಷಾಣವಾಗಿ! ಗುಳಿಗೆ ಹೆಚ್ಚಾದರೆ ರಕ್ತಸ್ರಾವ. ರೊಟ್ಟಿಯೊಡನೆ ಸೊಪ್ಪಿನ ಪಲ್ಯ ಒಮ್ಮೆಲೇ ಹೆಚ್ಚಾದರೆ ಗುಳಿಗೆಯ ಬಲ ಕುಗ್ಗೀತು. ಆದುದರಿಂದ ಆಗಾಗ ರಕ್ತಪರೀಕ್ಷೆ ತಪ್ಪದು.

ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಸಾಲ ಮಾಡಿಯಾದರೂ ಒಮ್ಮೆ ಹೋಗಿಬರಬಹುದು. ೨೦೨೪ರಲ್ಲಿ ಕಲಬುರಗಿಯಲ್ಲಿಯೂ ಅದರ ದೊಡ್ಡ ಕಟ್ಟಡವೆದ್ದಿತು. ಆದರೆ ಲಿಂಗಸುಗೂರಿನ ಬಸುರಿಗೆ ಅದೇ ಗುಳಿಗೆ ಗರ್ಭಕ್ಕೆ ಅಪಾಯವಾದೀತು. ವೈದ್ಯರ ಕಣ್ಣು ಅವಳ ಮೇಲೆ ಸದಾ ಇರಬೇಕು. ಮಸ್ಕಿಯ ಕೂಲಿಯಾಳಿಗೋ, ಪ್ರತಿ ಪರೀಕ್ಷೆಗೂ ಬಸ್ಸಿನ ಕಾಸಿನೊಡನೆ ಆ ದಿನದ ಕೂಲಿಯೂ ಹೋಗುತ್ತದೆ.