ವೇರಿಯಬಲ್ (ಕಂಪ್ಯೂಟರ್ ಪ್ರೋಗ್ರಾಮಿಂಗ್): ಚರಿತ್ರೆ

ಪ್ರೋಗ್ರಾಂ ನಡೆಯುವಾಗ ಬೆಲೆಯೊಂದನ್ನು ಇಟ್ಟುಕೊಳ್ಳಲು, ಬೇಕಾದಾಗ ಬದಲಿಸಲು ಹೆಸರಿಟ್ಟು ಬಳಸುವ ಸ್ಥಾನವೇ ವೇರಿಯಬಲ್. ಹೊಸದಾಗಿ ಕಲಿಯುವವರು ‘ಅಂಕ = ಅಂಕ + 1’ ಎಂಬ ಸಾಲಿನ ಮುಂದೆ ತಡವರಿಸುವುದುಂಟು. ಬೀಜಗಣಿತ ಚೆನ್ನಾಗಿ ಬಲ್ಲವರಿಗೇ ಈ ತೊಡಕು ಹೆಚ್ಚು, ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಿರಲಾರದಲ್ಲ! ಈ ಗೊಂದಲದ ಬೇರು ಚಿಹ್ನೆಗಳ ಚರಿತ್ರೆಯಲ್ಲಿದೆ.

ಗೊತ್ತಿಲ್ಲದ ಸಂಖ್ಯೆಗೆ ಹೆಸರು ಕೊಡುವ ಪದ್ಧತಿ ಹಳೆಯದು. 12ನೆಯ ಶತಮಾನದ ಎರಡನೆಯ ಭಾಸ್ಕರ ‘ಬೀಜಗಣಿತ’ದಲ್ಲಿ ಮೊದಲ ಅವ್ಯಕ್ತವನ್ನು ಯಾವತ್ತಾವತ್ ಎಂದೂ ಉಳಿದವನ್ನು ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರಿನಿಂದಲೂ ಕರೆದ. ಯುರೋಪಿನಲ್ಲಿ ಎಕ್ಸ್, ವೈ, ಝಡ್ ನೆಲೆಯೂರಿದ್ದು ರೆನೆ ಡೆಕಾರ್ಟ್‌ನ 1637ರ ಜ್ಯಾಮಿತಿ ಗ್ರಂಥದಿಂದ. ಇವು ಹುಡುಕಬೇಕಾದ ಬೆಲೆಗೆ ಇಟ್ಟ ಹೆಸರುಗಳು. ಲೆಕ್ಕದ ನಡುವೆ ಒಂದನ್ನು ಅಳಿಸಿ ಇನ್ನೊಂದನ್ನು ಬರೆಯುವ ಮಾತೇ ಅಲ್ಲಿಲ್ಲ.

ಬೆಲೆ ಬದಲಾಗುವ ಸ್ಥಾನ ಎಂಬ ಕಲ್ಪನೆ ಯಂತ್ರದ ಜೊತೆ ಬಂತು. ಚಾರ್ಲ್ಸ್ ಬ್ಯಾಬೇಜ್ ವಿನ್ಯಾಸಗೊಳಿಸಿದ, ಪೂರ್ತಿಯಾಗಿ ಎಂದೂ ಕಟ್ಟಲಾಗದ ಅನಲಿಟಿಕಲ್ ಎಂಜಿನ್‌ನಲ್ಲಿ ಅಂಕಿಯ ಚಕ್ರಗಳನ್ನು ಪೇರಿಸಿದ ಕಂಬಗಳಿಗೆ ‘ವೇರಿಯಬಲ್’ ಎಂದೇ ಹೆಸರು. ಈ ಯಂತ್ರದ ಬಗ್ಗೆ 1843ರಲ್ಲಿ ಅದಾ ಲವ್‌ಲೇಸ್ ಪ್ರಕಟಿಸಿದ ಟಿಪ್ಪಣಿಗಳಲ್ಲಿ ಬರ್ನೌಲಿ ಸಂಖ್ಯೆಗಳ ಕೋಷ್ಟಕವೊಂದಿದೆ. ಅದರ ಎರಡನೆಯ ಹೆಜ್ಜೆಯಲ್ಲಿ ನಾಲ್ಕನೆಯ ಕಂಬದ 8ರಿಂದ ಮೊದಲ ಕಂಬದ 1ನ್ನು ಕಳೆದು, ಉಳಿದ 7ನ್ನು ಮತ್ತೆ ನಾಲ್ಕನೆಯ ಕಂಬಕ್ಕೇ ಹಾಕಬೇಕು. ಕಂಬದ ಹೆಸರಿನ ಎಡ ಮೇಲ್ತುದಿಯಲ್ಲಿ ಆಕೆ ಪುಟ್ಟ ಅಂಕಿಯೊಂದನ್ನು ಬರೆಯುತ್ತಾಳೆ. ಬೆಲೆ ಬದಲಾದಾಗ ಅದು 1ರಿಂದ 2 ಆಗುತ್ತದೆ. ಹಳೆಯ ಬೆಲೆ ಯಾವುದು, ಹೊಸದು ಯಾವುದು ಎಂದು ಇಷ್ಟು ಸ್ಪಷ್ಟವಾಗಿ ಕಾಣಿಸುವ ಬರವಣಿಗೆ ಇಂದಿನ ಪಠ್ಯಗಳಲ್ಲೂ ಅಪರೂಪ.

ಜಾನ್ ಬ್ಯಾಕಸ್ ತಂಡ ಐಬಿಎಂನಲ್ಲಿ ರೂಪಿಸಿ 1957ರಲ್ಲಿ ಹೊರತಂದ ಫೋರ್ಟ್ರಾನ್ ಭಾಷೆ ಆ ಸೂಕ್ಷ್ಮವನ್ನು ಕೈಬಿಟ್ಟಿತು. ಬಲಗಡೆಯದನ್ನು ಲೆಕ್ಕ ಹಾಕಿ ಎಡಗಡೆಯ ಹೆಸರಿನಲ್ಲಿ ಇಡು ಎಂಬ ಅಪ್ಪಣೆಗೆ ಅದು ಸಮಚಿಹ್ನೆಯನ್ನೇ ಬಳಸಿತು. ಆಲ್ಗಾಲ್ ಆ ಚಿಹ್ನೆಯ ಎಡಕ್ಕೆ ಎರಡು ಚುಕ್ಕಿ ಸೇರಿಸಿ (:=) ಅಪ್ಪಣೆಯನ್ನು ಸಮೀಕರಣದಿಂದ ಬೇರ್ಪಡಿಸಿತು; ಪಾಸ್ಕಲ್ ಅದನ್ನೇ ಅನುಸರಿಸಿತು. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಹುಟ್ಟಿದ ಬೇಸಿಕ್ ಸಾಲಿನ ಆರಂಭದಲ್ಲಿ ‘ಲೆಟ್’ ಎಂದು ಬರೆಸಿತು. ಸಿ ಭಾಷೆ ಬರೀ = ಉಳಿಸಿಕೊಂಡು, ಎರಡೂ ಸಮವೇ ಎಂದು ಕೇಳಲು == ಇಟ್ಟಿತು. ಜಾವಾ, ಪೈಥಾನ್ ಹಿಡಿದದ್ದು ಇದೇ ಹಾದಿ. ಕಲಿಯುವವರ ದೃಷ್ಟಿಯಿಂದ ನೋಡಿದರೆ ಆಲ್ಗಾಲ್‌ನ ಆಯ್ಕೆಯೇ ಮೇಲು.

ಪೈಥಾನ್‌ನಲ್ಲಿ ಹೆಸರು ಅಂಟುವುದು ಸ್ಥಾನಕ್ಕಲ್ಲ, ಬೆಲೆಗೆ. ‘ಅಂಕ = 35’, ‘ಹಳೆಯದು = ಅಂಕ’ ಎಂದು ಬರೆದರೆ ಎರಡು ಹೆಸರೂ ಒಂದೇ 35ನ್ನು ತೋರಿಸುತ್ತವೆ. ಆಮೇಲೆ ‘ಅಂಕ = ಅಂಕ + 1’ ಎಂದರೆ ಅಂಕ 36ರ ಕಡೆಗೆ ಹೊರಳುತ್ತದೆ, ಹಳೆಯದು 35ರಲ್ಲೇ ಉಳಿಯುತ್ತದೆ. 2008ರಲ್ಲಿ ಬಂದ ಪೈಥಾನ್ 3 ಹೆಸರುಗಳನ್ನು ಕನ್ನಡ ಲಿಪಿಯಲ್ಲೂ ಒಪ್ಪುತ್ತದೆ. ಈ ಮೂರು ಸಾಲುಗಳನ್ನು ಇದ್ದಂತೆಯೇ ಓಡಿಸಿ ನೋಡಬಹುದು.