ಗಾರ್ಡನ್ ರೀಚ್‌ನಿಂದ ಅರಮನೆ ಮೈದಾನಕ್ಕೆ

ರಾಕ್ ಸಂಗೀತ ಎಂದೊಡನೆ ನಮ್ಮಲ್ಲಿ ಅನೇಕರ ಹುಬ್ಬು ಮೇಲೇರುತ್ತದೆ. ‘ಅದೇನು ಗದ್ದಲವೋ, ಅದನ್ನೂ ಸಂಗೀತ ಅಂತಾರಲ್ಲ’ ಎಂಬ ಮಾತು ಬೆನ್ನಿಗೇ ಬರುತ್ತದೆ. ಕೇಳುಗ ಮಿತ್ರರೇ, ಆ ಗದ್ದಲದ ಕಥೆಯನ್ನು ಎಲ್ಲರೂ ಲಂಡನ್ನಿನಿಂದಲೋ ನ್ಯೂಯಾರ್ಕಿನಿಂದಲೋ ಶುರು ಮಾಡುತ್ತಾರೆ. ನಾನು ಕೋಲ್ಕತಾದ ಗಾರ್ಡನ್ ರೀಚ್‌ನಿಂದ ಶುರು ಮಾಡುತ್ತೇನೆ. ನಾನು ಬೆಳೆದದ್ದು ಅಲ್ಲಿ ಎಂಬುದು ಒಂದು ಕಾರಣ. ಹೊರಗಿನಿಂದ ಬಂದ ಸಂಗೀತ ಒಂದು ಊರಿನದೇ ಆಗಿಬಿಡುವುದು ಹೇಗೆ ಎಂಬುದನ್ನು ಆ ಜಾಗ ರಾಕ್ ಹುಟ್ಟುವ ಎಷ್ಟೋ ಮೊದಲೇ ನೋಡಿತ್ತು ಎಂಬುದು ಇನ್ನೊಂದು ಕಾರಣ.

ಹೂಗ್ಲಿ ನದಿಯ ದಂಡೆಗೆ ಅಂಟಿಕೊಂಡ ಪ್ರದೇಶ ಅದು. ಹಡಗು ಕಟ್ಟುವ ಕಾರ್ಖಾನೆ, ಬಂದರಿನ ಗೋದಾಮುಗಳು, ಆಗ್ನೇಯ ರೈಲ್ವೆಯ ಕೇಂದ್ರ ಕಚೇರಿ, ಪಕ್ಕದಲ್ಲೇ ಮೆಟಿಯಾಬುರುಜಿನ ದರ್ಜಿಗಳ ಬೀದಿಗಳು. ನಮ್ಮ ತಂದೆ ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿದ್ದರು. ಹೀಗಾಗಿ ಧಾರವಾಡದ ಕಡೆಯ ನಾವು ಆ ನದಿಯ ದಂಡೆಯ ಕ್ವಾರ್ಟರ್ಸಿನಲ್ಲಿ ಬೇರು ಬಿಟ್ಟೆವು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ಬಂಗಾಳಿ, ಇನ್ನೂ ನಾಲ್ಕು ಹೆಜ್ಜೆ ಹೋದರೆ ಉರ್ದು.

ಆ ಉರ್ದು ಅಲ್ಲಿಗೆ ಬಂದ ಕಥೆ ನಿಮಗೆ ಗೊತ್ತಿರಬಹುದು. 1856ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅವಧ್ ರಾಜ್ಯವನ್ನು ಕಿತ್ತುಕೊಂಡಾಗ ಅದರ ಕೊನೆಯ ನವಾಬ ವಾಜಿದ್ ಅಲಿ ಷಾ ಲಖನೌ ಬಿಟ್ಟು ಕಲ್ಕತ್ತೆಗೆ ಬಂದ. ಮರುವರ್ಷ ಸಿಪಾಯಿ ದಂಗೆಯೆದ್ದಾಗ ಅವನನ್ನು ಫೋರ್ಟ್ ವಿಲಿಯಂ ಕೋಟೆಯಲ್ಲಿಟ್ಟರು. ಬಿಡುಗಡೆಯಾದ ಮೇಲೂ ಅವನು ಊರಿಗೆ ಮರಳಲಿಲ್ಲ. ಗಾರ್ಡನ್ ರೀಚ್–ಮೆಟಿಯಾಬುರುಜಿನಲ್ಲೇ ಒಂದು ಪುಟ್ಟ ಲಖನೌ ಕಟ್ಟಿಕೊಂಡ. ಅರಮನೆ, ಇಮಾಂಬಾರಾ, ಹುಲಿ-ಹಾವುಗಳಿದ್ದ ಪ್ರಾಣಿಸಂಗ್ರಹಾಲಯ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಠುಮ್ರಿ, ಕಥಕ್. ತವರು ಬಿಟ್ಟು ಹೊರಟ ಮಗಳ ಅಳಲಿನ ಆ ಪ್ರಸಿದ್ಧ ಭೈರವಿ ಠುಮ್ರಿ ಅವನದೇ ಎಂಬ ಪ್ರತೀತಿಯಿದೆ. (ಕೋಲ್ಕತಾದ ಬಿರಿಯಾನಿಯಲ್ಲಿ ಆಲೂಗಡ್ಡೆ ಸೇರಿದ್ದೂ ಅವನ ಅಡುಗೆಮನೆಯಿಂದಲೇ ಎನ್ನುತ್ತಾರೆ. ಅದರ ಪಂಚಾಯ್ತಿ ನಮಗೆ ಬೇಡ.) 1887ರಲ್ಲಿ ಅವನು ತೀರಿಕೊಂಡ. ಅರಮನೆ, ತೋಟಗಳು ಹೇಳಹೆಸರಿಲ್ಲದಂತೆ ಹೋದವು. ಅವನ ಸಮಾಧಿಯಿರುವ ಸಿಬ್ತೈನಾಬಾದ್ ಇಮಾಂಬಾರಾ ಉಳಿಯಿತು.

ಆದರೆ ಅಲ್ಲಿ ಮೂವತ್ತು ವರ್ಷ ನಡೆದ ಕಛೇರಿಗಳಲ್ಲಿ ಉಳಿದದ್ದೇನು? ಧ್ವನಿಮುದ್ರಣ ಭಾರತಕ್ಕೆ ಇನ್ನೂ ಬಂದಿರಲಿಲ್ಲ. ಕೇಳಿದವರು ಕಲಿತರು, ಕಲಿತವರು ಹಾಡಿದರು, ಅಷ್ಟೇ. ಆ ನವಾಬನ ಆಸ್ಥಾನದಲ್ಲಿ ಹಾಡಿದವರಲ್ಲಿ ಮಲ್ಕಾ ಜಾನ್ ಒಬ್ಬಳು. ಅವಳ ಮಗಳು ಗೌಹರ್ ಜಾನ್ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿ, ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿ ದೇಶದ ಮನೆಮಾತಾದಳು. ಕನ್ನಡಿಗರಾದ ನಾವು ನೆನೆಯಬೇಕಾದದ್ದು ಅವಳ ಕೊನೆಯ ದಿನಗಳನ್ನು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವಳನ್ನು ಆಸ್ಥಾನ ವಿದುಷಿಯಾಗಿ ಕರೆಸಿಕೊಂಡರು. 1930ರ ಜನವರಿಯಲ್ಲಿ ಅವಳು ಕಣ್ಮುಚ್ಚಿದ್ದು ಮೈಸೂರಿನಲ್ಲಿ. ಗಾರ್ಡನ್ ರೀಚ್‌ಗೂ ನಮ್ಮ ನಾಡಿಗೂ ಇರುವ ಸಂಗೀತದ ನಂಟು ಇಷ್ಟು ಹಳೆಯದು ನೋಡಿ!

ಈಗ ಒಂದು ಶತಮಾನದಷ್ಟು ಮುಂದಕ್ಕೆ ಜಿಗಿಯೋಣ. ಅರವತ್ತರ ದಶಕದ ಕಲ್ಕತ್ತೆಯಲ್ಲಿ ಹೊರಗಿನಿಂದ ಬಂದ ಹೊಸ ಸಂಗೀತವೆಂದರೆ ಪಾಶ್ಚಾತ್ಯ ಪಾಪ್ ಮತ್ತು ರಾಕ್. ಅದರ ಆಸ್ಥಾನ ಪಾರ್ಕ್ ಸ್ಟ್ರೀಟ್. ಟ್ರಿಂಕಾಸ್, ಮೂಲಾಂ ರೂಜ್, ಬ್ಲೂ ಫಾಕ್ಸ್ ಮುಂತಾದ ರೆಸ್ಟೋರೆಂಟುಗಳಲ್ಲಿ ಪ್ರತಿ ರಾತ್ರಿ ಬ್ಯಾಂಡ್ ನುಡಿಸುತ್ತಿತ್ತು. ಕಾಂಜೀವರಂ ಸೀರೆಯುಟ್ಟು ಇಂಗ್ಲಿಷ್ ಹಾಡು ಹಾಡಿದ ಉಷಾ ಅಯ್ಯರ್, ಅಂದರೆ ನಮ್ಮ ಉಷಾ ಉತ್ತುಪ್, ಹೆಸರಾದದ್ದು ಟ್ರಿಂಕಾಸಿನಲ್ಲೇ. ನಮ್ಮಂಥ ರೈಲ್ವೆ ಕ್ವಾರ್ಟರ್ಸಿನ ಹುಡುಗರಿಗೆ ಅದರೊಳಗೆ ಕಾಲಿಡುವ ಯೋಗ್ಯತೆಯೂ ಇರಲಿಲ್ಲ, ಕಾಸೂ ಇರಲಿಲ್ಲ. ನಮಗಿದ್ದದ್ದು ಎರಡೇ ಕಿಟಕಿ. ಒಂದು, ಆಕಾಶವಾಣಿ ಕಲ್ಕತ್ತೆಯಲ್ಲಿ ಬರುತ್ತಿದ್ದ ‘ಮ್ಯೂಸಿಕಲ್ ಬ್ಯಾಂಡ್‌ಬಾಕ್ಸ್’. ಇನ್ನೊಂದು, ಸ್ಟೇಟ್ಸ್‌ಮನ್ ಬಳಗ 1967ರಿಂದ 1977ರವರೆಗೆ ಹೊರತಂದ ‘ಜೂನಿಯರ್ ಸ್ಟೇಟ್ಸ್‌ಮನ್’ ಪತ್ರಿಕೆ. ಅದರ ಬಣ್ಣದ ಪುಟಗಳನ್ನು ಅಣ್ಣ ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದ. ಅದರ ಪಕ್ಕದಲ್ಲೇ ಅಮ್ಮನ ರಾಘವೇಂದ್ರ ಸ್ವಾಮಿಗಳ ಪಟ. ಇಬ್ಬರಿಗೂ ಜಗಳವಾಗದೆ ಗೋಡೆ ಹೇಗೋ ಸುಧಾರಿಸಿಕೊಂಡಿತು.

ಈ ಪಾರ್ಕ್ ಸ್ಟ್ರೀಟ್ ಜಗತ್ತಿನಿಂದಲೇ ಎದ್ದು ಬಂದವನು ಗೌತಮ್ ಚಟ್ಟೋಪಾಧ್ಯಾಯ. ‘ದಿ ಅರ್ಜ್’ ಎಂಬ ಬ್ಯಾಂಡಿನಲ್ಲಿ ಆಂಗ್ಲೋ ಇಂಡಿಯನ್ ಗೆಳೆಯರ ಜೊತೆ ಗಿಟಾರ್ ನುಡಿಸುತ್ತಿದ್ದವನು ನಕ್ಸಲ್ ಚಳವಳಿಗೆ ಹೊರಳಿದ, ಜೈಲು ಕಂಡ. ಹೊರಬಂದ ಮೇಲೆ ಕಲ್ಕತ್ತೆಯಲ್ಲಿರುವಂತಿಲ್ಲ ಎಂಬ ಷರತ್ತಿದ್ದುದರಿಂದ ಭೋಪಾಲ, ಜಬಲ್‌ಪುರಗಳಲ್ಲಿ ಔಷಧ ಕಂಪನಿಯ ಪ್ರತಿನಿಧಿಯಾಗಿ ಅಲೆದ. ಊರಿಗೆ ಮರಳಿದವನು ತಮ್ಮಂದಿರು, ನೆಂಟರು, ಗೆಳೆಯರನ್ನು ಕೂಡಿಸಿಕೊಂಡು ದಕ್ಷಿಣ ಕಲ್ಕತ್ತೆಯ ನಾಕ್ತಲಾದ ಮನೆಯಲ್ಲಿ ಹೊಸ ತಂಡ ಕಟ್ಟಿದ. ಅದು 1975. ಹೆಸರು ಎರಡು-ಮೂರು ಸಲ ಬದಲಾಗಿ ಕೊನೆಗೆ ನಿಂತದ್ದು ‘ಮೊಹೀನೇರ್ ಘೋಡಾಗುಲಿ’ ಎಂದು. ‘ಮೊಹೀನನ ಕುದುರೆಗಳು’ ಎಂದರ್ಥ. ಕವಿ ಜೀವನಾನಂದ ದಾಸರ ಒಂದು ಕವಿತೆಯಿಂದ ಎತ್ತಿಕೊಂಡ ಈ ಹೆಸರನ್ನು ಸೂಚಿಸಿದವನು ತಂಡದ ರಂಜನ್ ಘೋಷಾಲ್. ಈ ಹೆಸರನ್ನು ದಯವಿಟ್ಟು ನೆನಪಿಡಿ.

ಅವರು ಮಾಡಿದ್ದೇನು? ಗಿಟಾರ್, ಡ್ರಮ್ಸ್ ಜೊತೆಗೆ ಪಿಟೀಲು, ಕೊಳಲು, ಸ್ಯಾಕ್ಸೋಫೋನ್ ಇಟ್ಟುಕೊಂಡು ಬಂಗಾಳಿಯಲ್ಲಿ ಹಾಡಿದರು. ವಸ್ತು ಪ್ರೇಮ-ವಿರಹ ಮಾತ್ರ ಅಲ್ಲ. ಊರಿನ ಬಡತನ, ನಗರದ ಒಂಟಿತನ, ಕೆಲಸವಿಲ್ಲದ ಹುಡುಗರು. ಬೆನ್ನಿಗೆ ಬಾವುಲರ ಧಾಟಿ. ಬಾವುಲರೆಂದರೆ ಬಂಗಾಳದ ತತ್ವಪದಕಾರರು, ನಮ್ಮ ಶಿಶುನಾಳ ಷರೀಫರ ಬಳಗದವರು ಎಂದುಕೊಳ್ಳಿ. ತಮಾಷೆಯೆಂದರೆ ರಾಕ್ ಲೋಕ ಬಾವುಲರನ್ನು ಮೊದಲೇ ಗುರುತಿಸಿತ್ತು. ಬಾಬ್ ಡಿಲನ್ 1967ರಲ್ಲಿ ತಂದ ‘ಜಾನ್ ವೆಸ್ಲಿ ಹಾರ್ಡಿಂಗ್’ ರೆಕಾರ್ಡಿನ ಹೊದಿಕೆಯ ಮೇಲೆ ಅವನ ಅಕ್ಕಪಕ್ಕ ನಿಂತವರು ಪೂರ್ಣದಾಸ ಮತ್ತು ಲಕ್ಷ್ಮಣದಾಸ ಬಾವುಲರು! ಅಮೆರಿಕದವನಿಗೆ ಕಂಡದ್ದು ಕಲ್ಕತ್ತೆಯ ಪಂಡಿತರಿಗೆ ಕಾಣಲು ಸಮಯ ಹಿಡಿಯಿತು. ರವೀಂದ್ರ ಸಂಗೀತ ಮತ್ತು ಸಿನಿಮಾ ಹಾಡುಗಳ ಮಡಿಲಲ್ಲಿ ಬೆಳೆದ ಶ್ರೋತೃಗಳಿಗೆ ಇದು ಯಾವ ಜಾತಿಗೂ ಸೇರದ ವಸ್ತು. 1977, 1978, 1979ರಲ್ಲಿ ವರ್ಷಕ್ಕೊಂದರಂತೆ ಮೂರು ಪುಟ್ಟ ರೆಕಾರ್ಡ್ ಬಂದವು. ಕೊಂಡವರು ಕಡಿಮೆ.

ನಾನು ಅವರನ್ನು ಕೇಳಿದ್ದು 1979ರಲ್ಲಿ, ರವೀಂದ್ರ ಸದನದಲ್ಲಿ. ನನಗೆ ಹದಿನಾರು ವರ್ಷ. ಅಣ್ಣನ ಜೊತೆ ಖಿದಿರ್‌ಪುರದವರೆಗೆ ಒಂದು ಬಸ್ಸು, ಅಲ್ಲಿಂದ ರೇಸ್‌ಕೋರ್ಸ್ ಪಕ್ಕದಿಂದ ಇನ್ನೊಂದು. ಆ ವರ್ಷಗಳಲ್ಲಿ ಲೋಡ್‌ಶೆಡ್ಡಿಂಗ್ ಕಲ್ಕತ್ತೆಯ ನಿತ್ಯದ ಅತಿಥಿ. ಕರೆಂಟಿನ ಗಿಟಾರ್ ನುಡಿಸುವವರಿಗೆ ಅದಕ್ಕಿಂತ ದೊಡ್ಡ ಶತ್ರು ಯಾರು? ದೀಪ ಹೋದರೆ ಏನು ಗತಿ ಎಂಬ ಅಳುಕಿನಲ್ಲೇ ಕುಳಿತಿದ್ದೆ. ಗೋಡೆಯ ಮೇಲಿನ ಪಟಗಳನ್ನು ನೋಡಿ ನಾನು ಊಹಿಸಿಕೊಂಡಿದ್ದ ಚರ್ಮದ ಅಂಗಿ, ಕೂಗಾಟ ಯಾವುದೂ ಅಲ್ಲಿರಲಿಲ್ಲ. ಗಿಟಾರಿನ ಜೊತೆಗೆ ಪಿಟೀಲು ಸೇರಿದಾಗ ಬೆನ್ನಹುರಿಯಲ್ಲಿ ಏನೋ ಹರಿದಂತಾಯಿತು. ಮಾತು ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೆ ಒಂದು ವಿಷಯ ಮಾತ್ರ ತಟ್ಟನೆ ಹೊಳೆಯಿತು. ಈ ಗದ್ದಲವನ್ನು ಮನೆಯ ಭಾಷೆಯಲ್ಲೂ ಮಾಡಬಹುದು! ಬಸ್ಸಿನಲ್ಲಿ ವಾಪಸು ಬರುವಾಗ ಅಣ್ಣ ಕೇಳಿದ, ‘ಇದನ್ನೇ ಕನ್ನಡದಲ್ಲಿ ಯಾರಾದರೂ ಹಾಡಿದರೆ ಹೇಗಿರುತ್ತೋ?’ ಮನೆಯಲ್ಲಿ ಪಿ. ಕಾಳಿಂಗರಾಯರ ರೆಕಾರ್ಡುಗಳಿದ್ದವು. ಅದನ್ನು ಬಿಟ್ಟರೆ ನನ್ನ ಬಳಿ ಉತ್ತರವಿರಲಿಲ್ಲ.

1980ರಲ್ಲಿ ಕಲ್ಕತ್ತೆಯ ಅಂತರರಾಷ್ಟ್ರೀಯ ಜಾಝ್ ಉತ್ಸವದಲ್ಲಿ ಅವರು ನುಡಿಸಿದರು. ಅದಾದ ಸ್ವಲ್ಪ ದಿನಕ್ಕೇ ತಂಡ ಚದುರಿತು. ಗೌತಮ್ ಸಿನಿಮಾ ಕಡೆ ಹೋದ. ಒಬ್ಬ ಅಮೆರಿಕಕ್ಕೆ ಹೋದ. ಪಿಟೀಲಿನ ಅಬ್ರಹಾಂ ಮಜುಂದಾರ್ ಸಂಗೀತ ಕಲಿಸುವುದರಲ್ಲಿ ತೊಡಗಿದ. ಒಟ್ಟು ಕಛೇರಿಗಳು ಕೈಬೆರಳಲ್ಲಿ ಎಣಿಸುವಷ್ಟೇ. ಇನ್ನೇನು, ಮೆಟಿಯಾಬುರುಜಿನ ಮೆಹಫಿಲ್‌ಗಳ ಹಾಗೆ ಇದೂ ಗಾಳಿಯಲ್ಲಿ ಕರಗಿತು ಎಂದುಕೊಂಡರೆ, ನಡೆದದ್ದೇ ಬೇರೆ. ಎಂಬತ್ತರ ದಶಕದುದ್ದಕ್ಕೂ ಕಾಲೇಜು ಹುಡುಗರು ಈ ಹಾಡುಗಳನ್ನು ಬಾಯಿಂದ ಬಾಯಿಗೆ, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ದಾಟಿಸಿಕೊಂಡರು. 1995ರ ಕಲ್ಕತ್ತಾ ಪುಸ್ತಕ ಮೇಳದಲ್ಲಿ ಗೌತಮ್ ಹೊಸ ಹುಡುಗರಿಂದ ಹಾಡಿಸಿದ ಒಂದು ಸಂಕಲನ ಹೊರತಂದ. ಅದರ ಹೆಸರಿನ ಅರ್ಥ ‘ಮತ್ತೆ ಇಪ್ಪತ್ತು ವರ್ಷಗಳ ಮೇಲೆ’. ಈ ಸಲ ಊರಿಗೆ ಊರೇ ಕೇಳಿತು. ಬಂಗಾಳಿ ಬ್ಯಾಂಡುಗಳ ಸುಗ್ಗಿಯೇ ಶುರುವಾಯಿತು. 1999ರ ಜೂನಿನಲ್ಲಿ ಗೌತಮ್ ತೀರಿಕೊಂಡ. ನೀವು ಬಂಗಾಳಿ ಬಾರದವರಾದರೂ ಅವರ ಒಂದು ರಾಗ ನಿಮ್ಮ ಕಿವಿಯಲ್ಲಿ ಖಂಡಿತ ಇದೆ. 2006ರ ಹಿಂದಿ ಚಿತ್ರ ‘ಗ್ಯಾಂಗ್‌ಸ್ಟರ್’ನಲ್ಲಿ ಬಾಂಗ್ಲಾದೇಶದ ರಾಕ್ ಗಾಯಕ ಜೇಮ್ಸ್ ಹಾಡಿದ ‘ಭೀಗಿ ಭೀಗಿ’ಯ ಮೂಲ ಧಾಟಿ ಆ ಸಂಕಲನದ್ದೇ.

ನೆನಪಿಡಿ ಎಂದೆನಲ್ಲ, ಆ ರಂಜನ್ ಘೋಷಾಲ್? ಅವನು ಬಂದು ನೆಲೆಸಿದ್ದು ಬೆಂಗಳೂರಿನಲ್ಲಿ! ಜಾಹೀರಾತು ಸಂಸ್ಥೆ ನಡೆಸಿದ, ‘ಫೋರಂ ಥ್ರೀ’ ಎಂಬ ನಾಟಕ ತಂಡ ಕಟ್ಟಿದ. ಅದೇ ಊರಿಗೆ ನಾನೂ ಕೆಲಸ ಹುಡುಕಿಕೊಂಡು ಬಂದೆ, ಹಿಂದೆಯೇ ಅಣ್ಣನೂ ಬಂದ. ಬೆಂಗಳೂರು ಅಷ್ಟರಲ್ಲಿ ದೇಶದ ರಾಕ್ ರಾಜಧಾನಿ ಎನ್ನಿಸಿಕೊಂಡಿತ್ತು. ಪಾರ್ಕ್ ಸ್ಟ್ರೀಟಿನ ಒಳಗೆ ಕಾಲಿಡಲಾಗದ ನಮಗೆ ಅರಮನೆ ಮೈದಾನ ಬಾಗಿಲು ತೆರೆಯಿತು.

2002ರಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ಬಂದ. 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್. ಮಿಕ್ ಜ್ಯಾಗರ್‌ಗೆ ಆಗ ಐವತ್ತೊಂಬತ್ತು. ನಮ್ಮಲ್ಲಿ ಪಿಂಚಣಿ ಕಾಗದ ಸಿದ್ಧಪಡಿಸುವ ವಯಸ್ಸು, ಆತ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದ. 2007ರ ಮಾರ್ಚ್ 17ರಂದು ಐರನ್ ಮೇಡನ್ ಭಾರತದಲ್ಲಿ ಮೊದಲ ಬಾರಿ ನುಡಿಸಿದ್ದೂ ಅಲ್ಲೇ. ದೆಹಲಿಯ ‘ಪರಿಕ್ರಮ’ ತಂಡ ಅವರಿಗಿಂತ ಮುಂಚೆ ವೇದಿಕೆ ಏರಿತ್ತು. ಅಣ್ಣನ ಮಗ ಕಪ್ಪು ಟೀ ಶರ್ಟು ತೊಟ್ಟು ನಮ್ಮಿಬ್ಬರನ್ನೂ ಎಳೆದುಕೊಂಡು ಹೋದ. ಸುತ್ತ ಎಲ್ಲರೂ ಕಪ್ಪು ಟೀ ಶರ್ಟು, ತಲೆ ನರೆತ ನಾವಿಬ್ಬರು ಮಾತ್ರ ಗೀಟು ಗೀಟಿನ ಅರ್ಧ ತೋಳಿನ ಅಂಗಿ. 2011ರ ಅಕ್ಟೋಬರಿನಲ್ಲಿ ಮೆಟಾಲಿಕಾ ತಂಡದ ಗುರಗಾಂವ್ ಕಾರ್ಯಕ್ರಮ ರದ್ದಾಗಿ ಅಲ್ಲಿ ದಾಂಧಲೆಯಾಯಿತು. ಎರಡು ದಿನ ಬಿಟ್ಟು ಅವರು ಬೆಂಗಳೂರಿನಲ್ಲಿ ನುಡಿಸಿದರು. ನಮ್ಮೂರು ಆ ಮಟ್ಟಿಗೆ ಮರ್ಯಾದೆ ಉಳಿಸಿಕೊಂಡಿತು.

ಆದರೂ ನಿಜ ಹೇಳಬೇಕೆಂದರೆ, ಅರಮನೆ ಮೈದಾನದಲ್ಲಿ ನನ್ನ ಮೈ ಜುಮ್ಮೆಂದದ್ದು ಇವರಾರಿಂದಲೂ ಅಲ್ಲ. 2005ರ ಏಪ್ರಿಲಿನಲ್ಲಿ ಸಿ. ಅಶ್ವತ್ಥ್ ಅದೇ ಮೈದಾನದಲ್ಲಿ ‘ಕನ್ನಡವೇ ಸತ್ಯ’ ನಡೆಸಿದರು. ಇದು ರಾಕ್ ಅಲ್ಲ, ಒಪ್ಪಿದೆ. ಆದರೆ ಲಕ್ಷದ ಲೆಕ್ಕದಲ್ಲಿ ಸೇರಿದ್ದ ಜನ, ಎದೆಗೆ ಗುದ್ದುವ ಧ್ವನಿವರ್ಧಕಗಳು, ಕಾರ್ಯಕ್ರಮ ಮುಗಿದರೂ ಕದಲದ ಗುಂಪು ಎಲ್ಲವೂ ಸ್ಟೋನ್ಸ್ ಬಂದ ಸಂಜೆಯದೇ. ವ್ಯತ್ಯಾಸವೆಂದರೆ ಈ ಸಲ ಪ್ರತಿ ಪದವೂ ಜನರ ಬಾಯಲ್ಲಿತ್ತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕೈ ಮೇಲೆತ್ತಿ ಹಾಡುತ್ತಿದ್ದರು. ಐರನ್ ಮೇಡನ್‌ನ ಯಾವ ಅಭಿಮಾನಿಗೂ ಅವರು ಕಡಿಮೆಯಿರಲಿಲ್ಲ.

ಅಣ್ಣನ ಹಳೆಯ ಪ್ರಶ್ನೆಗೆ ನೇರವಾದ ಉತ್ತರ ಬಂದದ್ದು 2008ರಲ್ಲಿ. ಭರತನಾಟ್ಯ ಕಲಿತ ಮೈಸೂರಿನ ಹುಡುಗ ರಘು ದೀಕ್ಷಿತ್ ಗಿಟಾರ್ ಹಿಡಿದು, ಪಿಟೀಲು ಜೊತೆಗಿಟ್ಟುಕೊಂಡು ಷರೀಫರ ಪದಗಳನ್ನು ಹಾಡಿದ ಆಲ್ಬಂ ಆ ವರ್ಷ ಹೊರಬಂತು. ಮೊದಲ ಸಲ ಅದನ್ನು ಕೇಳಿದಾಗ ಅಣ್ಣ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಅಟ್ಟದ ಮೇಲಿಂದ ಮೊಹೀನೇರ್ ಘೋಡಾಗುಲಿಯ 1977ರ ರೆಕಾರ್ಡ್ ತೆಗೆದ. ನುಡಿಸಲು ಮನೆಯಲ್ಲಿ ಯಂತ್ರವಿರಲಿಲ್ಲ. ಹೊದಿಕೆಯ ಧೂಳು ಒರೆಸಿ ಮೇಜಿನ ಮೇಲಿಟ್ಟ. ಮಗ ಬಂದು ‘ಇದೇನಪ್ಪಾ?’ ಎಂದ. ಗಾರ್ಡನ್ ರೀಚ್‌ನಿಂದ ರವೀಂದ್ರ ಸದನಕ್ಕೆ ಎರಡು ಬಸ್ಸು ಬದಲಿಸಬೇಕಿತ್ತು ಎಂಬಲ್ಲಿಂದ ಅಣ್ಣ ಶುರು ಮಾಡಿದ.

ರಂಜನ್ ಘೋಷಾಲ್ ಬೆಂಗಳೂರಿನಲ್ಲಿ ತೀರಿಕೊಂಡದ್ದು 2020ರ ಜುಲೈನಲ್ಲಿ. ಕೊರೊನಾ ಕಾಲ, ನಾಲ್ಕು ಜನ ಸೇರಿ ಹಾಡುವಂತಿರಲಿಲ್ಲ. ತಂಡದ ಇನ್ನೊಬ್ಬ ಸ್ಥಾಪಕ, ‘ಬಾಪಿ’ ಎಂದೇ ಹೆಸರಾದ ತಾಪಸ್ ದಾಸ್, 2023ರ ಜೂನಿನಲ್ಲಿ ಕೋಲ್ಕತಾದಲ್ಲಿ ಹೋದ. ಅಣ್ಣನ ಮಗ ಈಗ ವಾರಕ್ಕೊಮ್ಮೆ ಗೆಳೆಯರ ಜೊತೆ ಗ್ಯಾರೇಜಿನಲ್ಲಿ ಕನ್ನಡದಲ್ಲೇ ಏನೋ ಹಾಡುತ್ತಾನೆ. ಅಕ್ಕಪಕ್ಕದವರು ಗದ್ದಲವೆಂದು ದೂರುತ್ತಾರೆ.